ಅಣ್ಣನ ಹಣೆಗೆ ತಾಗಿದ ಕಾಲು

ಆ ಸುದ್ದಿ ಬಂದಾಗ ನಾನು ಅಳ್ಳು ಹುರಿಯುತ್ತಿದ್ದೆ. ಪಂಚಮಿ ಹತ್ತಿರ ಬಂದಿತ್ತು. ನೆನೆಸಿ ಆರಿಸಿದ ಜೋಳವನ್ನು ಕಾದ ಬೋಗುಣಿಗೆ ಒಂದೊಂದೇ ಹಿಡಿ ಬಿಡಬೇಕು, ಬಟ್ಟೆ ಸುತ್ತಿದ ಕಡ್ಡಿಯಿಂದ ತಿರುವಬೇಕು, ಅರಳಿದ ಕೂಡಲೇ ಮೊರಕ್ಕೆ ಸುರಿಯಬೇಕು. ಕೈ ಒಂದು ಗಳಿಗೆ ನಿಂತರೆ ಕರಕಾಗುತ್ತದೆ. ಅದಕ್ಕೇ ನಮ್ಮ ಮನೆಯವರು ಬಂದದ್ದು ಕಂಡರೂ ನಾನು ಏಳಲಿಲ್ಲ. ಆದರೆ ಅವರು ಮುಂಬಾಗಿಲು ಬಿಟ್ಟು ಹಿತ್ತಲಿನಿಂದ ಬಂದದ್ದು ನೋಡಿಯೇ ಊರ ಕಬಡ್ಡಿ ತಂಡ ಸೋತಿದೆ ಅಂತ ಗೊತ್ತಾಯಿತು.

"ಸೋತ್ರೇನ್ರಿ?" ಅಂದೆ.

"ಸೋತ್ವಿ." ಒಲೆಯ ಪಕ್ಕದ ಗೋಡೆಗೆ ಒರಗಿ ಕೂತರು. ಅಂಗಿಯ ಮೇಲೆಲ್ಲ ಯಲಬುರ್ಗಾ ಕಡೆಯ ಕರಿ ಧೂಳು.

"ಇರಲಿ ಬಿಡ್ರಿ. ಫೈನಲ್ ತನಕ ಹೋಗಿದ್ದ ಈ ವರ್ಷ ಮೊದಲು. ಹನುಮಪ್ಪ ಅಷ್ಟು ಕೊಟ್ಟಾನಲ್ಲ."

"ಸೋತಿದ್ದಕ್ಕ ಯಾರಿಗೂ ಬ್ಯಾಸರ ಇಲ್ಲ. ನಿನ್ನ ಮೈದುನ ಬೇಕಂತ ಸೋತಾನಂತ. ಬೀಗರ ಊರಿಗೆ ಆಟ ಮಾರ್ಯಾನಂತ. ಬರೂವಾಗ ಬಸ್ಸಿನ್ಯಾಗ ಅವನ ಬಾಜೂಕ ಯಾರೂ ಕುಂಡ್ರಲಿಲ್ಲ."

ಬೀಗರ ಊರು ಅಂದರೆ ನನ್ನ ತವರು. ಅದು ಯಲಬುರ್ಗಾದಿಂದ ಆಚೆ ಎರೆನೆಲದ ಊರು. ನನ್ನ ತಂಗಿಯನ್ನು ಇದೇ ಮೈದುನನಿಗೆ ಕೊಡುವುದೆಂದು ಆ ಬೇಸಿಗೆಯಲ್ಲೇ ಎಲೆಅಡಿಕೆ ಹಿಡಿದು ಮಾತು ಮುಗಿಸಿದ್ದರು. ಅಕ್ಕತಂಗಿಯರು ಒಂದೇ ಮನೆಯ ಸೊಸೆಯರಾಗುವುದು, ಒಂದೇ ಒಲೆಯ ಎರಡು ಬಾಯಿಗೆ ಇಬ್ಬರೂ ಕೂರುವುದು, ಇದನ್ನು ನಾನು ದೇವರಲ್ಲಿ ಬಾಯಿಬಿಟ್ಟು ಕೇಳಿದ್ದೆ. ಕೇಳಿದ್ದು ಅದೊಂದೇ. ಉಳಿದದ್ದೆಲ್ಲ ಅವನೇ ಕೊಟ್ಟದ್ದು.

ನಡುಮನೆಯಲ್ಲಿ ನಮ್ಮ ಮಾವ ಕೂತಿದ್ದರು. ಅವರ ಕಿವಿ ಬಹಳ ಚುರುಕು. ಅಲ್ಲಿಂದಲೇ ಕೇಳಿದರು:

"ಯಾರಂದ್ರು ಆ ಮಾತು?"

"ಎಲ್ಲಾರೂ ಅಂತಾರಪ್ಪ. ಗಿರಣಿಯವ ಜೋರಲೆ ಅಂದ, ಉಳಿದವರು ಸಣ್ಣಗ ಅಂದ್ರು."

ಮಾವ ಹೇಳಿದರು, "ಹಂಗಿದ್ರ ಈ ಸಂಬಂಧ ಬ್ಯಾಡ. ಆ ಹುಡುಗಿ ನಮ್ಮ ಹೊಸ್ತಿಲ ತುಳದ ದಿನ ಊರೆಲ್ಲ 'ಆಟ ಕೊಟ್ಟು ಹೆಣ್ಣು ತಂದ್ರು' ಅಂತೈತಿ. ಪಾಪ, ಆ ಕೂಸಿಗ್ಯಾಕ ಅಂಥಾ ಮಾತು."

ಸಿಟ್ಟಿನಿಂದ ಅಂದಿದ್ದರೆ ಇಳಿಯುವ ಹೊತ್ತಿಗೆ ಹೋಗಿ ಮಾತಾಡಬಹುದಿತ್ತು. ಅವರು ಕರುಣೆಯಿಂದ ಅಂದರು. ನಾನು ಬೋಗುಣಿಯಲ್ಲಿದ್ದ ಹಿಡಿಯನ್ನು ಮೊರಕ್ಕೆ ಸುರಿದೆ. ಅಳ್ಳು ಬೆಳ್ಳಗೇ ಇದ್ದವು, ಒಂದೂ ಕರಕಾಗಿರಲಿಲ್ಲ. ಅಷ್ಟಾದರೂ ಉಳಿಯಿತಲ್ಲ ಅಂದುಕೊಂಡೆ.

ನಮ್ಮೂರ ಕಬಡ್ಡಿ ಸಂಘದ ಕಥೆ ಹೇಳದಿದ್ದರೆ ಆ ಮಾತು ಯಾಕೆ ಅಷ್ಟು ನಾಟಿತು ಅನ್ನುವುದು ತಿಳಿಯುವುದಿಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ಮರಳಿಯ ಹತ್ತಿರದ ಈ ಊರಿಗೆ ಬಂದೆ. ಆಗ ನಾವೆಲ್ಲ ರಾಯಚೂರು ಜಿಲ್ಲೆಯವರು. ತವರಿನಲ್ಲಿ ಬಿತ್ತನೆ ಮುಗಿಯಿತೆಂದರೆ ಗಂಡಸರು ಮಳೆಯ ದಾರಿ ಕಾಯುತ್ತ ಕೂರಬೇಕು. ಕೂತವರು ಕಬಡ್ಡಿ ಆಡುತ್ತಾರೆ. ಊರಿಗೊಂದು ತಂಡ. ಇಲ್ಲಿ ಹಾಗಲ್ಲ. ಕಾಲುವೆಯ ನೀರು, ವರ್ಷಕ್ಕೆ ಎರಡು ಬೆಳೆ, ಎಲ್ಲಿ ಕಾಲಿಟ್ಟರೂ ಕೆಸರು. ಮೊದಲ ಪಂಚಮಿಗೆ ನನ್ನನ್ನು ಕರೆಯಲು ಅಣ್ಣ ಬಂದ. ಮಳೆ ಜೋರಾಗಿ ಬಸ್ಸು ನಿಂತದ್ದರಿಂದ ಉಳಿದುಕೊಳ್ಳಬೇಕಾಯಿತು. ಅವನಿಗೆ ಸುಮ್ಮನೆ ಕೂರುವುದು ಬಾರದು. ಹನುಮಪ್ಪನ ಗುಡಿಯ ಮುಂದೆ ಇಸ್ಪೀಟು ಆಡುತ್ತಿದ್ದ ಹುಡುಗರ ಹತ್ತಿರ ಹೋಗಿ, "ಕಬಡ್ಡಿ ಆಡೂದಿಲ್ಲೇನ್ರಪ?" ಅಂದನಂತೆ.

"ಒಣ ನೆಲ ಎಲ್ಲೈತಿ ಮಾಮಾ?" ಅಂದರಂತೆ ಅವರು. "ನಮ್ಮೂರ ಕೆಸರಾಗ ಕಪ್ಪಿ ಅಷ್ಟ ಆಡ್ತಾವ."

ಊರ ಸೊಸೆಯ ಅಣ್ಣನಾದ್ದರಿಂದ ಆ ಹುಡುಗರಿಗೆಲ್ಲ ಅವನು ಮಾಮ. ಆ ಮಾಮ ಗುಡಿಯ ಹಿಂದಿನ ದಿಬ್ಬ ನೋಡಿದ. ಮುಳ್ಳುಕಂಟಿ ಬೆಳೆದ ಜಾಗ, ಯಾರಿಗೂ ಬೇಡವಾದದ್ದು. ಬಸ್ಸು ಬರುವಷ್ಟರಲ್ಲಿ ಕಂಟಿ ಕಡಿಸಿ, ಹಗ್ಗ ಹಿಡಿದು ಗೆರೆ ಎಳೆಸಿ, ಹಿಮ್ಮಡಿ ಹಿಡಿಯುವುದು ಹೇಗೆ ಅನ್ನುವುದೊಂದನ್ನು ಕಲಿಸಿ ನನ್ನನ್ನು ಕರೆದುಕೊಂಡು ಹೊರಟ. ನಮ್ಮೂರ ಸಂಘ ಹುಟ್ಟಿದ್ದು ಹಾಗೆ. ಬೋರ್ಡು, ಹೆಸರು ಎಲ್ಲ ಆಮೇಲೆ ಬಂತು.

ಅದು ಬೆಳೆದ ರೀತಿಯೂ ವಿಚಿತ್ರ. ಅಣ್ಣ ವರ್ಷಕ್ಕೆ ಎರಡು ಸಲ ಬರುತ್ತಿದ್ದ. ಪಂಚಮಿಗೆ ನನ್ನನ್ನು ಕರೆಯಲು ಒಮ್ಮೆ, ಹಬ್ಬ ಮುಗಿದ ಮೇಲೆ ಬಿಡಲು ಒಮ್ಮೆ. ಕರೆಯಲು ಬಂದಾಗೊಂದು ಪಟ್ಟು ಕಲಿಸುತ್ತಿದ್ದ, ಬಿಡಲು ಬಂದಾಗ ಅದನ್ನು ತಿದ್ದುತ್ತಿದ್ದ. ಉಳಿದ ತಿಂಗಳೆಲ್ಲ ಹುಡುಗರು ಅದನ್ನೇ ಮಾಡುತ್ತ ಇರುವುದು. ಸೊಂಟ ಹಿಡಿಯುವುದು ಒಂದು ವರ್ಷ, ಕೈಕೈ ಹಿಡಿದು ಸುತ್ತುಗಟ್ಟುವುದು ಒಂದು ವರ್ಷ, ತಿರುಗಿ ಓಡುವಂತೆ ನಟಿಸಿ ಕಾಲ ತುದಿಯಿಂದ ಮುಟ್ಟುವುದು ಇನ್ನೊಂದು ವರ್ಷ. ಹುಡುಗರು ನನಗೆ ಬಾವಿಯ ಹತ್ತಿರ ಕಂಡರೆ ಕೇಳುತ್ತಿದ್ದರು:

"ವೈನಿ, ದೀಪಾವಳಿಗೂ ತವರಿಗೆ ಹೋಗ್ರಲ್ಲ. ನಮಗ ಇನ್ನೊಂದು ಪಟ್ಟು ಸಿಗ್ತೈತಿ."

"ನಿಮ್ಮ ಪಟ್ಟಿನ ಸಲುವಾಗಿ ನಾ ಮನಿ ಬಿಟ್ಟು ಅಡ್ಡಾಡ್ಲೇನು?" ಅನ್ನುತ್ತಿದ್ದೆ.

ನೆಲ ಮಾಡಿದವರು ಹೆಂಗಸರು. ದಿಬ್ಬದ ಮಣ್ಣಿನಲ್ಲಿ ಹರಳು ಬಹಳ. ಬಿದ್ದ ಹುಡುಗರ ಮೊಣಕಾಲು ಮೊಣಕೈ ತೊಳೆದು ಅರಿಶಿನ ಎಣ್ಣೆ ಹಚ್ಚಿ ಹಚ್ಚಿ ಸಾಕಾಗಿ, ಕೊನೆಗೆ ಮನೆಗೊಬ್ಬಳಂತೆ ಜರಡಿ ತಂದು ಕೂತು ಮಣ್ಣು ಸೋಸಿದೆವು. ನಮ್ಮ ಅತ್ತೆ, "ಅಕ್ಕ್ಯಾಗಿನ ಹರಳ ಆರಿಸಿ ಕಣ್ಣು ಹೋಗ್ಯಾವ, ಈಗ ಮಣ್ಣಾಗಿನ ಹರಳ ಆರಿಸ್ರಿ ಅಂತಾರ" ಅನ್ನುತ್ತಲೇ ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಿದ್ದರು. ಮೇಲೆ ಹಾಸಲು ಕಾರಟಗಿಯ ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟು ಬರುತ್ತಿತ್ತು. ತಂಡದಲ್ಲಿ ಒಬ್ಬ ಅಲ್ಲಿ ಚೀಲ ಹೊರುತ್ತಿದ್ದ. ದಪ್ಪ ಮೈಯವನು, ಹಿಡಿದರೆ ಬಿಡುವವನಲ್ಲ. ಅವನನ್ನೇ ಎಲ್ಲರೂ ಗಿರಣಿಯವ ಅನ್ನುತ್ತಿದ್ದದ್ದು. ಆ ಹೊಟ್ಟು ಬೆವೆತ ಮೈಗೆ ಅಂಟಿಕೊಂಡು ತುರಿಸುತ್ತಿತ್ತು. ಆಟ ಮುಗಿದ ಮೇಲೆ ಎಲ್ಲರೂ ಓಡಿ ಕಾಲುವೆಗೆ ಬೀಳುತ್ತಿದ್ದರು. ಮೊಣಕಾಲು ಒಡೆಯುವುದು ನಿಂತಿತಲ್ಲ, ಅದನ್ನೂ ನಾನು ಲೆಕ್ಕಕ್ಕೆ ಹಿಡಿದೆ.

ಮೊದಲ ಸಲ ಪರಊರಿಗೆ ಆಡಲು ಹೋಗುವಾಗ ಎಲ್ಲರಿಗೂ ಒಂದೇ ಬಣ್ಣದ ಬನಿಯನ್ ಬೇಕೆಂದರು. ಗಂಗಾವತಿ ಸಂತೆಯಿಂದ ಕುಂಕುಮದ ಬಣ್ಣದ ಪುಡಿ ತರಿಸಿ ನಮ್ಮ ಸ್ನಾನದ ಹಂಡೆಯಲ್ಲೇ ಅದ್ದಿದೆವು. ಕುಷ್ಟಗಿಯಲ್ಲಿ ಬಿಸಿಲಿಗೆ ಬೆವರು ಹರಿದಂತೆ ಬಣ್ಣವೂ ಹರಿಯಿತಂತೆ. ನಮ್ಮವರನ್ನು ಹಿಡಿದ ಎದುರಾಳಿಗಳೂ ಕೆಂಪಾಗಿ, ಯಾರು ಯಾರ ಕಡೆಯವರು ಅನ್ನುವುದೇ ರೆಫ್ರಿಗೆ ತಿಳಿಯದೆ ಆಟ ನಿಲ್ಲಿಸಿ ಎಲ್ಲರ ಮೈ ತೊಳೆಸಿದನಂತೆ. ಸೋತು ಬಂದರೂ ನಗುತ್ತ ಬಂದರು. ನಮ್ಮ ಮನೆಯಲ್ಲಿ ಮಾತ್ರ ಎಷ್ಟೋ ದಿನ ಸ್ನಾನದ ನೀರು ಓಕುಳಿಯಂತೆ ಇತ್ತು. ಮಾವ ಬೈಯಲಿಲ್ಲ. "ದಿನಾ ಹೋಳಿ ಹುಣ್ಣಿಮಿ ಆತಲ್ಲ" ಅಂದು ಅದೇ ನೀರು ಹಾಕಿಕೊಂಡರು.

ಸೋಲುತ್ತಲೇ ವರ್ಷಗಳು ಹೋದವು. ನಾನು ಬಂದಾಗ ಶಾಲೆಗೆ ಹೋಗುತ್ತಿದ್ದ ಮೈದುನ ಈ ನಡುವೆ ಬೆಳೆದು ನಿಂತ. ಸಣಕಲ ಮೈ, ಉದ್ದ ಉಸಿರು. ಕಾಲಿನ ತುದಿಯಿಂದ ಮುಟ್ಟುವ ಪಟ್ಟು ಅವನಿಗೆ ಒಲಿದಷ್ಟು ಯಾರಿಗೂ ಒಲಿಯಲಿಲ್ಲ. ಅದನ್ನು ಕಲಿಸುವಾಗ ಅಣ್ಣ ತಾನೇ ಎದುರು ನಿಂತು, "ನನ್ನ ಮೊಣಕಾಲು ಮುಟ್ಟು, ಭುಜ ಮುಟ್ಟು" ಅನ್ನುತ್ತಿದ್ದ. ಹುಡುಗರು ಮುಟ್ಟುತ್ತಿದ್ದರು. ಆದರೆ ಹಿರಿಯರಿಗೆ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದನ್ನು ನಮ್ಮಲ್ಲಿ ಯಾರೂ ಕಲಿಸಿ ಬರಬೇಕಾಗಿಲ್ಲ. ಮೊರಕ್ಕೆ ಕಾಲು ತಾಗಿದರೂ ಹಾಗೆ ಮಾಡುತ್ತೇವೆ, ಪುಸ್ತಕಕ್ಕೆ ತಾಗಿದರೂ ಮಾಡುತ್ತೇವೆ. ಮಾಮನಿಗೆ, ಅದೂ ಕಲಿಸುವ ಮಾಮನಿಗೆ ತಾಗಿದರೆ ಬಿಡುತ್ತಾರೆಯೇ. ಕಾಲು ತಾಗಿಸಿದವನು ಅಲ್ಲೇ ಬಗ್ಗುವುದು, ಅಣ್ಣ "ಇರಲಿ, ಏಳು" ಅನ್ನುವುದು, ಮತ್ತೆ ಆಟ. ದಿಬ್ಬದ ಮೇಲೆ ಇದು ರೂಢಿಯಾಗಿಬಿಟ್ಟಿತ್ತು. ನಾನು ನೀರಿಗೆ ಹೋಗುವಾಗ ಎಷ್ಟೋ ಸಲ ನೋಡಿದ್ದೆ. ಇದರಿಂದ ಒಂದು ದಿನ ತೊಂದರೆ ಬಂದೀತು ಅಂತ ನನಗಾಗಲಿ ಯಾರಿಗಾಗಲಿ ಹೊಳೆಯಲಿಲ್ಲ.

ಎಂಬತ್ತರ ದಶಕದ ಆ ವರ್ಷ ಶ್ರಾವಣದ ಪಂದ್ಯ ನನ್ನ ತವರೂರಿನಲ್ಲೇ ಇತ್ತು. ಫೈನಲ್ಲಿಗೆ ಬಂದದ್ದು ಆ ಊರು ಮತ್ತು ಈ ಊರು. ಅಣ್ಣನಿಗೆ ವಯಸ್ಸಾಗಿತ್ತು. ಅವನು ಆಡುವುದು ಬಿಟ್ಟು ಕಲಿಸುವುದಷ್ಟೇ ಇಟ್ಟುಕೊಂಡಿದ್ದ. ಅವತ್ತು ಅವರ ಹುಡುಗನೊಬ್ಬನ ಭುಜ ಜಾರಿದ್ದರಿಂದ ಧೋತರ ಕಚ್ಚೆ ಕಟ್ಟಿ ಇಳಿದನಂತೆ.

ಮುಂದಿನದನ್ನು ನಮ್ಮ ಮನೆಯವರು ಒಲೆಯ ಪಕ್ಕ ಕೂತು ಹೇಳಿದರು.

"ಪಾಯಿಂಟು ಸಮ ಇತ್ತು. ಕಡೀ ಸಲ ನಮ್ಮ ತಮ್ಮ ಹೋದ. ಆ ಕಡೆ ನಿಮ್ಮಣ್ಣ, ಇನ್ನೊಬ್ಬ, ಇಬ್ಬರ ಉಳದಿದ್ರು. ನಿಮ್ಮಣ್ಣ ಹಿಮ್ಮಡಿ ಹಿಡ್ಯಾಕ ಬಗ್ಗಿದ. ಇವ ತಿರುಗಿದಂಗ ಮಾಡಿ ಕಾಲು ಬೀಸಿದ. ಹಣಿಗೇ ತಾಗ್ತು. ಎಲ್ಲಾರೂ ಕಂಡ್ರು. ಗೆರಿ ಒಂದು ಜಿಗಿತದಾಗ ಇತ್ತು."

"ಆಮ್ಯಾಲ?"

"ಆಮ್ಯಾಲೇನು. ಜಿಗಿಯೂದು ಬಿಟ್ಟು ಬಗ್ಗಿದ. ನಿಮ್ಮಣ್ಣನ ಕಾಲು ಮುಟ್ಟಿ ಎರಡೂ ಕಣ್ಣಿಗೆ ಒತ್ಕೊಂಡ. ಕಬಡ್ಡಿ ಅನ್ನೂದು ಅಲ್ಲೇ ನಿಂತಿತು. ನಿಮ್ಮಣ್ಣ ನಡ ಹಿಡದು ಕೆಡವಿದ. ಉಸಿರು ಬಿಟ್ಟ ಮ್ಯಾಲ ಮುಟ್ಟಿದ್ದೂ ಲೆಕ್ಕಕ್ಕಿಲ್ಲ, ನೋಡು. ಸೀಟಿ ಊದೇಬಿಟ್ರು."

ಒಳಗಿನಿಂದ ಅತ್ತೆ ಬಂದು ನಿಂತಿದ್ದರು. "ಕಾಲು ತಾಗಿದ ಮ್ಯಾಲ ಮುಟ್ಟಿ ನಮಸ್ಕಾರ ಮಾಡದ ಏನು ಮಾಡಬೇಕಿತ್ತು?" ಅಂದರು.

"ಓಡಬೇಕಿತ್ತವ್ವ."

"ಒದ್ದು ಓಡೂದೇನು? ನಾ ಹಂಗ ಬೆಳಸಿಲ್ಲ." ಅಷ್ಟು ಹೇಳಿ ಅವರು ಹೋದರು.

ಮೈದುನ ಆವತ್ತು ಮನೆಗೆ ಬಂದವನು ನೀರು ಕುಡಿದು ಗದ್ದೆಗೆ ಹೋದ. ಮರುದಿನವೂ ಅಷ್ಟೇ. ನಾಟಿ ನಡೆದಿತ್ತು. ಆಳುಗಳಿಗಿಂತ ಮೊದಲು ಹೋಗಿ ಸಸಿ ಕೀಳುತ್ತಿದ್ದ, ಎಲ್ಲರೂ ಬಂದ ಮೇಲೆ ಬರುತ್ತಿದ್ದ. ದಿಬ್ಬದ ಕಡೆ ಹೋಗಲಿಲ್ಲ. ಹೋದರೂ ಆಡಿಸುತ್ತಿರಲಿಲ್ಲ. ಅವನ ಬನಿಯನ್ನನ್ನು ಯಾರೋ ತಂದು ನಮ್ಮ ಕಟ್ಟೆಯ ಮೇಲೆ ಮಡಿಚಿಟ್ಟು ಹೋಗಿದ್ದರು. ನಾನು ಅದನ್ನು ಒಗೆದು ಒಣಗಿಸಿ ಒಳಗಿಟ್ಟೆ. ಬುತ್ತಿ ಒಯ್ದಾಗ ಬದುವಿನ ಮೇಲೆ ಕೂತು ಉಣ್ಣುತ್ತ ಅವನೇ ಮಾತು ತೆಗೆದ.

"ವೈನಿ, ಕೈ ತಾನ ಹೋತ್ರಿ. ನಾ ಕಳಿಸಲಿಲ್ಲ."

"ಗೊತ್ತೈತಪ್ಪ."

"ನೀವು ನಂಬ್ತೀರಿ. ನಿಮ್ಮ ತಂಗಿ ಮನ್ಯಾಗ ಏನಂದ್ಕೊಂಡಾರ?"

"ಅಲ್ಲಿ ಏನಂತಾರ? ಕಾಲು ಮುಟ್ಟಿ ನಮಸ್ಕಾರ ಮಾಡೂ ಅಳಿಯ ಸಿಕ್ಕ ಅಂತಾರ."

ನಗು ಬಂತೇನೋ, ತುತ್ತು ಬಾಯಲ್ಲಿತ್ತು, ನಗಲಿಲ್ಲ. "ಅಪ್ಪ ಬ್ಯಾಡ ಅಂದಾನಂತ," ಅಂದ.

ನಾನು ಮಜ್ಜಿಗೆ ಸುರಿದೆ. ಮಾವ ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದು ನಾನು ನೋಡಿರಲಿಲ್ಲ. ತವರಿಗೆ ಹೇಳಿ ಕಳಿಸಬೇಕು ಅನ್ನುತ್ತಿದ್ದರು. ಹೇಳುವವರು ಯಾರು ಅನ್ನುವುದಷ್ಟೇ ಉಳಿದಿತ್ತು. ಹಬ್ಬದ ಮುಂದೆ ಬೇಡ, ಹಬ್ಬ ಮುಗಿಯಲಿ ಅಂತ ಅತ್ತೆ ತಡೆದಿದ್ದರು. ಆ ತಡೆದದ್ದು ದೊಡ್ಡ ಉಪಕಾರ. ಬೆಳಿಗ್ಗೆ ತುಳಸಿಗೆ ನೀರು ಹಾಕುವಾಗ ಈ ಎರಡು ದಿನ ದೊಡ್ಡದೇನನ್ನೂ ಕೇಳಲಿಲ್ಲ. ಇವತ್ತು ಯಾರೂ ಯಲಬುರ್ಗಾ ಬಸ್ಸು ಹತ್ತದಿರಲಿ ಅಂತ ಕೇಳಿಕೊಂಡೆ. ಯಾರೂ ಹತ್ತಲಿಲ್ಲ.

ಆ ಕಡೆಯಿಂದ ಬಸ್ಸು ಹತ್ತಿ ಅಣ್ಣನೇ ಬಂದ. ಎಂದಿನಂತೆ ನನ್ನನ್ನು ಪಂಚಮಿಗೆ ಕರೆಯಲು, ಎಂದಿನಂತೆ ಅವ್ವ ಕಟ್ಟಿಕೊಟ್ಟ ಶೇಂಗಾ ಉಂಡಿಯ ಗಂಟು ಹಿಡಿದು. ಹಣೆಯ ಮೇಲೆ ಹುಬ್ಬಿನ ಹತ್ತಿರ ಇನ್ನೂ ಬಾವು ಇತ್ತು. ಕೊಪ್ಪಳದಲ್ಲಿ ಬಸ್ಸು ಬದಲಿಸುವಾಗಲೇ ನಮ್ಮೂರವರೊಬ್ಬರು ಮುಖ ತಿರುಗಿಸಿದರಂತೆ, ಅದರಿಂದ ಅವನಿಗೆ ಅರ್ಧ ತಿಳಿದಿತ್ತು. ಕಾಲು ತೊಳೆದು ಒಳಗೆ ಬಂದ ಮೇಲೆ ಉಳಿದರ್ಧ ನಾನು ಹೇಳಿದೆ, ಸಂಬಂಧದ ಮಾತೂ ಸೇರಿಸಿ. ಅವನು ಬಹಳ ಹೊತ್ತು ತಂಬಿಗೆಯ ನೀರು ಕುಡಿದ.

"ಮಾವಾರು ಏನು ಕೇಳಿದ್ರು ನನ್ನ?"

"ಏನೂ ಕೇಳಿಲ್ಲ. ಅದ ಕಷ್ಟ ಆಗೈತಿ."

"ಹುಡುಗ ಎಲ್ಲದಾನ?"

"ಗದ್ಯಾಗ."

"ಇರಲಿ," ಅಂದ.

ಮಾವ ಬಂದಾಗ ಎದ್ದು ನಿಂತ. ಮಾವ ಕುಶಲ ಕೇಳಿದರು, ಮಳೆ ಕೇಳಿದರು, ಹೆಸರು ಬಿತ್ತಿದ್ದು ಹೇಗೆ ಬಂದಿದೆ ಅಂತ ಕೇಳಿದರು. ಮದುವೆಯ ಮಾತು ಇಬ್ಬರೂ ಎತ್ತಲಿಲ್ಲ. ಊಟಕ್ಕೆ ಪಕ್ಕಪಕ್ಕ ಕೂತರು. ಬೀಗರಿಗೆ ಬಡಿಸುವಂತೆಯೇ ಬಡಿಸಿದೆ, ತುಪ್ಪ ಹೆಚ್ಚು ಹಾಕಿದೆ. ಅಣ್ಣ ಎರಡನೆಯ ಸಲ ಅನ್ನ ಕೇಳಿದ. ಅನ್ನದ ಊರಿಗೆ ಬಂದ ರೊಟ್ಟಿಯ ಊರಿನವರು ಹಾಗೆಯೇ. ಮಾವ ಅದನ್ನು ನೋಡಿ, "ಹಾಕವ್ವ, ನಾಚಿಕೊಂತಾನ" ಅಂದರು. ಅದೊಂದು ಮಾತು ಕೇಳಿ ನನಗೆ ಆ ರಾತ್ರಿ ನಿದ್ದೆ ಬಂತು.

ಮರುದಿನ ಬೆಳಿಗ್ಗೆ ಅಣ್ಣ ದಿಬ್ಬಕ್ಕೆ ಹೋದ. ಕರೆಯದೆಯೇ ಹೋದ. ಮೈದುನನನ್ನೂ ತೋಳು ಹಿಡಿದು ಕರೆದುಕೊಂಡು ಹೋದ. ನಾನೂ ಅತ್ತೆಯೂ ಕೊಡ ಹಿಡಿದು ಹಿಂದೆಯೇ ಹೋದೆವು. ಬಾವಿ ದಿಬ್ಬದ ಮಗ್ಗುಲಲ್ಲೇ ಇದೆ, ಅಲ್ಲಿಂದ ಎಲ್ಲ ಕಾಣುತ್ತದೆ, ಕೇಳುತ್ತದೆ. ಮಾವ ಮತ್ತೆ ಕೆಲವು ಹಿರಿಯರು ಗುಡಿಯ ಕಟ್ಟೆಯ ಮೇಲಿದ್ದರು. ಶನಿವಾರವಾದ್ದರಿಂದ ಹನುಮಪ್ಪನ ದರ್ಶನಕ್ಕೆ ಬಂದಿದ್ದರು.

ಹುಡುಗರು ಆಡುವುದು ನಿಲ್ಲಿಸಿದರು. ಯಾರೂ 'ಬರ್ರಿ ಮಾಮಾ' ಅನ್ನಲಿಲ್ಲ. ಗಿರಣಿಯವನೇ ಮಾತಾಡಿದ.

"ಪಟ್ಟು ಕಲಸಾಕ ಬಂದ್ರೇನು? ನಾವು ಈ ವರ್ಷದ್ದು ಕಲತೀವ್ರಿ. ಕಾಲು ಮುಟ್ಟೂ ಪಟ್ಟು."

ಕೆಲವರು ನಕ್ಕರು. ಮೈದುನ ನೆಲ ನೋಡುತ್ತ ನಿಂತ. ಅಣ್ಣ ಸಿಟ್ಟಾಗಲಿಲ್ಲ. ಅಂಗಿ ಬಿಚ್ಚಿ ಗುಡಿಯ ಗೂಟಕ್ಕೆ ತೂಗುಹಾಕಿದ.

"ಇವತ್ತು ಕಲಸೂದಿಲ್ಲ. ಖರೇ ಆಟ ಆಡೂಣು. ಪಾಯಿಂಟು ಹಿಡೀರಿ. ನಾನೂ ಇವನೂ ಒಂದು ಕಡೆ, ಇನ್ನ ನಾಕು ಮಂದಿ ಕೊಡ್ರಿ. ಉಳಿದವರು ಆ ಕಡೆ."

"ಖರೇ ಆಟ ಅಂದ್ರ ಖರೇ ಆಟ," ಅಂದ ಗಿರಣಿಯವ. "ನಾ ಯಾರ ಕಾಲೂ ಮುಟ್ಟೂದಿಲ್ಲ, ಮೊದಲ ಹೇಳ್ತೀನಿ."

"ಮುಟ್ಟಬ್ಯಾಡ. ಬಾ."

ಆಟ ಚಲೋ ನಡೆಯಿತು. ನನ್ನ ಕೊಡ ತುಂಬಿದರೂ ಅಲ್ಲೇ ನಿಂತೆ. ಅತ್ತೆ ಹಗ್ಗ ಹಿಡಿದವರು ಹಿಡಿದೇ ಇದ್ದರು. ಎರಡೂ ಕಡೆ ಪಾಯಿಂಟು ಏರುತ್ತ ಬಂತು. ಹುಡುಗರಿಗೆ ಸಿಟ್ಟು ಮರೆತು ಹುರುಪು ಬಂತು. ಗಿರಣಿಯವ ತಾನೇ ಕಬಡ್ಡಿ ಅನ್ನುತ್ತ ಈ ಕಡೆಗೆ ನುಗ್ಗಿದ. ಅವನು ಹಿಡಿಯುವವನು, ನುಗ್ಗುವವನಲ್ಲ. ಆದರೂ ಬಂದ. ಅಣ್ಣ ಬಗ್ಗಿ ಹಿಮ್ಮಡಿಗೆ ಕೈ ಹಾಕಿದ. ಗಿರಣಿಯವ ಎತ್ತಿನಂತೆ ಹಿಂದಕ್ಕೆ ಒದೆದ. ಕಾಲು ಅಣ್ಣನ ಭುಜಕ್ಕೆ ಬಡಿಯಿತು. ಇನ್ನು ಓಡಿದರೆ ಆಯಿತು.

ಅವನು ಓಡಲಿಲ್ಲ. ನಿಂತ. ಬಲಗೈ ತಾನಾಗಿ ಕೆಳಗೆ ಹೋಯಿತು. ಮೊಣಕಾಲಿನ ಮಟ್ಟಕ್ಕೆ ಹೋದ ಮೇಲೆ ಅವನಿಗೆ ಎಚ್ಚರವಾಗಿ ಕೈಯನ್ನು ಅಲ್ಲೇ ತಡೆದ. ಕೆಳಗೂ ಹೋಗದೆ ಮೇಲೂ ಬಾರದೆ ಕೈ ಹಾಗೇ ಇತ್ತು. ಬಾಯಲ್ಲಿ ಕಬಡ್ಡಿ ನಿಂತು ಎಷ್ಟೋ ಹೊತ್ತಾಗಿತ್ತು. ಅಣ್ಣ ಅವನನ್ನು ಹಿಡಿಯಲಿಲ್ಲ. ಸುಮ್ಮನೆ ನೋಡುತ್ತ ನಿಂತ.

ಮೊದಲು ನಕ್ಕವನು ನನ್ನ ಮೈದುನ. ಆಮೇಲೆ ಎಲ್ಲರೂ ನಕ್ಕರು. ಗುಡಿಯ ಕಟ್ಟೆಯ ಮೇಲಿನ ಹಿರಿಯರೂ ನಕ್ಕರು. ಬಾವಿಯ ಕಟ್ಟೆಯಿಂದ ನಮ್ಮ ಅತ್ತೆ ಹಗ್ಗ ಹಿಡಿದೇ ಹೇಳಿದರು:

"ಬಗ್ಗಿದವರನ್ನೆಲ್ಲ ತಂಡದಿಂದ ತಗೀತೀರಲ್ಲ, ಇವನ್ನೂ ತಗೀರಿ. ಇವಂಗ ಯಾ ಊರಾಗ ಹೆಣ್ಣು ನೋಡೀರಿ, ಅದನ್ನೂ ಹೇಳ್ರಿ."

ಗಿರಣಿಯವನ ಮುಖ ಕೆಂಪಾಯಿತು. ಆದರೆ ಒಳ್ಳೆಯವನು. ಅರ್ಧಕ್ಕೆ ನಿಂತಿದ್ದ ಕೈಯನ್ನು ಪೂರ್ತಿ ಇಳಿಸಿ ಅಣ್ಣನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಎದ್ದು ಮೈದುನನ ಕಡೆ ತಿರುಗಿ, "ಕೈ ಕೇಳೂದಿಲ್ಲಲ್ಲಪ್ಪ," ಅಂದ. ಕ್ಷಮೆ ಕೇಳಿದ್ದು ಅಷ್ಟೇ. ಅವರ ನಡುವೆ ಅಷ್ಟು ಸಾಕಾಯಿತು.

ಅಣ್ಣ ಗುಡಿಯ ಕಟ್ಟೆಯ ಹತ್ತಿರ ಹೋಗಿ ಹಿರಿಯರಿಗೆ ಕೇಳುವಂತೆ ಅಂದ, "ತಪ್ಪು ನಂದೂ ಐತ್ರಿ. ಕಲಿಸೂವಾಗ ಬಗ್ಗಬ್ಯಾಡ್ರಿ ಅನ್ನಬೇಕಿತ್ತು. ನನಗೂ ಛಲೋ ಅನಸ್ತಿತ್ತು, ಬಿಟ್ಟೆ. ಮತ್ತ ಆವತ್ತು ಬಗ್ಗಿದ ಹುಡುಗಗ ಏಳಪ್ಪ ಅನ್ನೂದು ಬಿಟ್ಟು ನಡ ಹಿಡದು ಕೆಡವಿದೆ."

"ಅದು ಆಟ," ಅಂದರು ಒಬ್ಬ ಹಿರಿಯರು.

ಹಾಗಾದರೆ ಮುಂದೇನು ಅನ್ನುವ ಮಾತು ಬಂತು. ಬಗ್ಗುವುದನ್ನು ಬಿಡಿಸಲು ಆಗುವುದಿಲ್ಲ, ಬಗ್ಗಿದರೆ ಆಟ ಗೆಲ್ಲಲು ಆಗುವುದಿಲ್ಲ. ಒಬ್ಬರು ಪರಊರಿನ ಹಿರಿಯರನ್ನು ಆಟಕ್ಕೆ ಇಳಿಸಬೇಡಿ ಅಂತ ಹೇಳಿಸೋಣ ಅಂದರು. ಇನ್ನೊಬ್ಬರು ಕಾಲಿನಿಂದ ಮುಟ್ಟುವ ಪಟ್ಟನ್ನೇ ಬಿಡಿ ಅಂದರು. ಅದಕ್ಕೆ ಹುಡುಗರು ಒಪ್ಪಲಿಲ್ಲ. ನಮ್ಮ ಮಾವ ಆಗ ಬಾಯಿ ತೆರೆದರು.

"ಆಟಕ್ಕ ಇಳಿಯೂಕಿನ್ನ ಮೊದಲ ಮಾಡಿಬಿಡ್ರಿ. ಎಲ್ಲಾರೂ ನೆಲ ಮುಟ್ಟಿ ಕಣ್ಣಿಗೆ ಒತ್ಕೊಳ್ರಿ. ಆಟ ಮುಗಿಯೂತನಕ ಯಾರಿಗೆ ಕಾಲು ತಾಗಿದ್ರೂ ಅದ್ರಾಗ ಬಂತು. ಹನುಮಪ್ಪ ಇಸ್ಕೋತಾನ. ನಡುವ ಯಾರೂ ಬಗ್ಗಬ್ಯಾಡ್ರಿ."

ಎಲ್ಲರಿಗೂ ಅದು ಸರಿ ಅನ್ನಿಸಿತು. ಅವತ್ತೇ ಅಲ್ಲೇ ಮಾಡಿದರು. ಎರಡೂ ಕಡೆಯವರು ಸಾಲಾಗಿ ನಿಂತು ಹೊಟ್ಟು ಹಾಸಿದ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಗಿರಣಿಯವನ ರೆಪ್ಪೆಗೆ ಹೊಟ್ಟು ಹತ್ತಿ ಉಜ್ಜಿಕೊಂಡ. ಕೆಲವು ತಂಡಗಳು ಭಕ್ತಿಗೆಂದು ಹಾಗೆ ಮಾಡುತ್ತವೆ. ನಮ್ಮೂರವರದು ಮುಂಗಡವಾಗಿ ಕೇಳುವ ಕ್ಷಮೆ. ಮುಂದೆ ಗಂಗಾವತಿಯಲ್ಲಿ, ಕಾರಟಗಿಯಲ್ಲಿ ಗೆದ್ದಾಗಲೂ ಸೋತಾಗಲೂ ಅದನ್ನು ಬಿಡಲಿಲ್ಲ. ಹೊಸದಾಗಿ ಸೇರುವವರಿಗೆ ಮೊದಲು ಕಲಿಸುವುದು ಅದೇ ಆಯಿತು. ಮೈದುನನ ಬನಿಯನ್ ನಾನು ಒಳಗಿನಿಂದ ತಂದುಕೊಟ್ಟೆ.

ಇಷ್ಟಾದರೂ ಸಂಬಂಧದ ಮಾತು ಹಾಗೇ ಉಳಿದಿತ್ತು. ಆಟದ್ದು ದಿಬ್ಬದ ಮೇಲೆ ಮುಗಿಯಿತು, ಮನೆಯದು ಮನೆಯಲ್ಲೇ ಮುಗಿಯಬೇಕು. ಮನೆಗೆ ಬಂದ ಮೇಲೆ ಅಣ್ಣನನ್ನು ಕೇಳಿದೆ:

"ಬೇಕಂತ ಗಿರಣಿಯವನ ಕಾಲಿಗೆ ಸಿಕ್ಕೇನಣ್ಣಾ?"

"ಆ ಕಾಲು ನೋಡೀಯಿಲ್ಲ? ಬೇಕಂತ ಯಾರು ಸಿಗ್ತಾರವ್ವ," ಅಂದ ಭುಜ ಒತ್ತಿಕೊಳ್ಳುತ್ತ. ಖರೆ ಹೇಳಿದನೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಎಣ್ಣೆ ಬಿಸಿ ಮಾಡಿ ಹಚ್ಚಿದೆ.

ನಮ್ಮ ಬಸ್ಸು ಊಟದ ನಂತರ. ಬ್ಯಾಳಿ ಒಲೆಯ ಮೇಲಿಟ್ಟು ನಾನು ಗಂಟು ಕಟ್ಟುತ್ತಿದ್ದೆ. ಮಾವ ನಡುಮನೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದರು. ಅಣ್ಣ ಅವರ ಎದುರು ಕೂತು, ಇನ್ನು ಕೇಳದೆ ಹೋದರೆ ಅವ್ವನಿಗೆ ಏನು ಹೇಳಲಿ ಅನ್ನಿಸಿತೋ ಏನೋ, "ಮಾವಾರ, ನನ್ನ ತಂಗೀದು..." ಅಂತ ಶುರುಮಾಡಿದ. ಮಾವ ಕೈ ಎತ್ತಿ ತಡೆದರು.

"ಏನವ್ವ, ಇಲ್ಲಿ ಬಾ," ಅಂದರು ನನಗೆ.

ಹೋಗಿ ಬಾಗಿಲ ಮರೆಯಲ್ಲಿ ನಿಂತೆ.

"ಪಂಚಮಿ ಮುಗಿಸಿ ಬರೂವಾಗ ನಿನ್ನ ತಂಗಿ ಕೈಬಳಿ ಅಳತಿ ತೊಗೊಂಡು ಬಾ. ಮರೀಬ್ಯಾಡ. ಗಂಗಾವತ್ಯಾಗ ಹಸರ ಬಳಿ ಛಲೋ ಬಂದಾವಂತ, ನಿಮ್ಮತ್ತಿ ಹೇಳ್ತಿದ್ಲು."

ಅಡಿಕೆ ಕತ್ತರಿಸುವುದನ್ನು ಮುಂದುವರಿಸಿದರು. ಅಣ್ಣ ಎದ್ದು ಅವರ ಕಾಲು ಮುಟ್ಟಿದ. "ಊರಾಗ ಅಂದವರು ಅಂದ್ರು," ಅಂದರು ಮಾವ ಅವನ ತಲೆಯ ಮೇಲೆ ಕೈಯಿಟ್ಟು. "ಇನ್ನ ಅನ್ನಾಕ ಯಾರಿಗೂ ಬಾಯಿ ಉಳದಿಲ್ಲ."

"ಹೂನ್ರಿ ಮಾವಾರ, ತರ್ತೀನಿ," ಅಂದೆ. ಹಿತ್ತಲಲ್ಲಿ ಮೈದುನ ಎತ್ತಿಗೆ ನೀರು ಕುಡಿಸುತ್ತಿದ್ದವನು ಕೇಳಿಸಿಕೊಂಡಿರಬೇಕು, ಬಕೆಟ್ಟಿನ ಸಪ್ಪಳ ನಿಂತಿತು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿಸಿತು.

ಒಳಗಿನಿಂದ ಅತ್ತೆ ಕರೆದರು, ಕಟ್ಟಿಗೆ ಹಸಿ ಇದೆ, ಹೊಗೆ ತುಂಬಿಕೊಂಡಿದೆ ಅಂತ. ಹೋಗಿ ಊದುಗೊಳವಿ ಹಿಡಿದು ಒಲೆಯ ಮುಂದೆ ಕೂತೆ. ಬ್ಯಾಳಿ ಇನ್ನೂ ಬೆಂದಿರಲಿಲ್ಲ.